ತಸ್ಮಿಯಾಳ ನಾಲಿಗೆ ಯಾಕೆ ಕೆಂಪಾಗಿತ್ತು

ನರಸಿಂಹರಾಜಪುರದ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಮುಬಾರಕ್ ಯಾರು ಅಂತ ಕೇಳಿ ನೋಡಿ. ಅರ್ಧ ಜನ ನಗುತ್ತಾರೆ, ಇನ್ನರ್ಧ ಜನ ಬೈಯುತ್ತಾರೆ. ಎರಡೂ ನನಗೆ ಶಿಳ್ಳೆಯೇ. ಚೆಕಿಂಗ್ ಆಫೀಸರ್ ಅಂತ ಕಂಡಕ್ಟರನ್ನೇ ನಂಬಿಸಿ, ಶೃಂಗೇರಿ ಬಸ್ಸಿನಲ್ಲಿ ಕೊಪ್ಪದವರೆಗೆ ಮುಂದಿನ ಸೀಟಲ್ಲಿ ಕೂತು ಹೋದವನು ನಾನು. ನನ್ನ ಎಂಟ್ರಿಗೆ ಮ್ಯೂಸಿಕ್ ಬೇಕಾಗಿಲ್ಲ.

ಈಗ ನನ್ನ ತಂಗಿ ತಸ್ಮಿಯಾಳ ವಿಷಯ ಹೇಳುತ್ತೇನೆ. ಅವಳಿಗೆ ಮೂರು ವರ್ಷ.

ಫೆಬ್ರವರಿಯಲ್ಲಿ ಅವಳಿಗೆ ಜ್ವರ ಬಂತು. ನಮ್ಮ ಕಡೆ ಆ ತಿಂಗಳ ಜ್ವರ ಅಂದರೆ ಮೊದಲು ಮಂಗನ ಕಾಯಿಲೆಯ ಭಯ. ಆಶಾ ಕಾರ್ಯಕರ್ತೆ ನಿಶ್ಚಿತಕ್ಕ ಎರಡನೇ ದಿನವೇ ರಕ್ತ ಪರೀಕ್ಷೆ ಮಾಡಿಸಿದರು. ನಾಲ್ಕನೇ ದಿನ ರಿಪೋರ್ಟ್ ಬಂತು. ಮಂಗನ ಕಾಯಿಲೆ ಅಲ್ಲ. ನಮ್ಮ ಅಬ್ಬಾ ನಿಟ್ಟುಸಿರು ಬಿಟ್ಟು ತಮ್ಮ ಚಪ್ಪಲಿ ಅಂಗಡಿಗೆ ಹೋದರು. ಜ್ವರ ಮಾತ್ರ ಬಿಡಲಿಲ್ಲ. ಸಿರಪ್ ಕೊಟ್ಟರೆ ಸ್ವಲ್ಪ ಹೊತ್ತು ಇಳಿಯುವುದು, ಮತ್ತೆ ಏರುವುದು.

ಐದನೇ ದಿನ ಅವಳ ತುಟಿ, ನಾಲಿಗೆ ಕೆಂಪಾಗಿದ್ದವು. ನಮ್ಮ ದಾದಿ, ಅಂದರೆ ಅಬ್ಬಾನ ತಾಯಿ, ಅಮೀರ್ ಬೀಗೆ ಎಲೆಯಡಿಕೆ ಚಟ. "ದಾದಿ ಡಬ್ಬದಿಂದ ನಾನೇ ಒಂದು ಬೀಡಾ ತಿನ್ಸಿದೆ," ಎಂದೆ. ಮನೆಯೆಲ್ಲ ನಕ್ಕಿತು. ಅಮ್ಮಿ ಸೌಟಿನಲ್ಲಿ ಒಂದು ಕೊಟ್ಟರು.

ಮರುದಿನ ನಿಶ್ಚಿತಕ್ಕ ಬಂದರು.

"ಕಣ್ಣೂ ಕೆಂಪಾಗಿದೆಯಲ್ಲ ಫರಹತಕ್ಕ. ಕೀವಿಲ್ಲ, ನೀರಿಲ್ಲ. ನಾಲಿಗೆ ಯಾಕೆ ಹಿಂಗೆ?"

"ಅದು ಇವನ ಕಿತಾಪತಿ. ಎಲೆಯಡಿಕೆ ತಿನ್ಸಿದಾನೆ," ಎಂದರು ಅಮ್ಮಿ.

"ಹೌದೇನೋ ಮುಬಾರಕ್?"

"ಹೌದಕ್ಕ. ಡೈರೆಕ್ಷನ್ ನಂದೇ, ಮೇಕಪ್ಪೂ ನಂದೇ."

"ಆ ಬಣ್ಣ ಇಷ್ಟೊತ್ತಿಗೆ ಹೋಗ್ಬೇಕಿತ್ತು ಮಾರಾಯ."

ದಾದಿ ತಮ್ಮ ನಾಲಿಗೆ ಚಾಚಿದರು. "ನಂದು ನಲವತ್ತು ವರ್ಷದಿಂದ ಹೋಗಿಲ್ಲ ಮಗಳೇ. ನನ್ನನ್ನೂ ಆಸ್ಪತ್ರೆಗೆ ಸೇರಿಸ್ತೀಯಾ?"

ಮತ್ತೆ ಎಲ್ಲರೂ ನಕ್ಕರು. ನಿಶ್ಚಿತಕ್ಕ ನಗಲಿಲ್ಲ.

"ಐದು ದಿನ ದಾಟಿದ ಜ್ವರ, ವಹಾಬಣ್ಣ. ಮಕ್ಕಳ ಡಾಕ್ಟರಿಗೆ ತೋರ್ಸಿ."

"ಮಂಗನ ಕಾಯಿಲೆ ಇಲ್ಲ ಅಂದ್ಮೇಲೆ ಇನ್ನೆಂತ ಹೆದ್ರಿಕೆ. ನೋಡುವ, ಇನ್ನೆರಡು ದಿನ," ಎಂದರು ಅಬ್ಬಾ.

ಎಂಟನೇ ದಿನ ಮೈಮೇಲೆ ಕೆಂಪು ಗಂಧೆ ಎದ್ದವು. ಸೆಕೆಗೆ ಅಂದುಕೊಂಡೆವು. ಹನ್ನೊಂದನೇ ದಿನ ಅಬ್ಬಾ ಅವಳಿಗೆ ಹೊಸ ಚಪ್ಪಲಿ ತಂದರು. ಕಾಲಿಗೆ ಹತ್ತಲಿಲ್ಲ. ಅಬ್ಬಾ ಅಳತೆ ತಪ್ಪುವ ಮನುಷ್ಯ ಅಲ್ಲ. ಊದಿದ ಪಾದವನ್ನು ಕೈಯಲ್ಲಿ ಹಿಡಿದುಕೊಂಡೇ, "ಮುಬಾರಕ್, ಕಾರು ಕರಿ," ಎಂದರು. ನಿಶ್ಚಿತಕ್ಕನೂ ಜೊತೆಗೆ ಬಂದರು.

ಶಿವಮೊಗ್ಗದ ಮಕ್ಕಳ ಡಾಕ್ಟರಮ್ಮ ಪರೀಕ್ಷೆ ಮಾಡಿ ಹೇಳಿದರು: "ಇದು ಕವಾಸಾಕಿ ಕಾಯಿಲೆ. ಅಪರೂಪದ್ದು. ಐದು ವರ್ಷದೊಳಗಿನ ಮಕ್ಕಳಿಗೇ ಜಾಸ್ತಿ. ರಕ್ತನಾಳಗಳ ಗೋಡೆ ಊದ್ಕೊಳ್ಳುತ್ತೆ. ಯಾಕೆ ಬರುತ್ತೆ ಅಂತ ಇನ್ನೂ ಗೊತ್ತಾಗಿಲ್ಲ. ಒಬ್ಬರಿಂದ ಒಬ್ಬರಿಗೆ ಅಂಟಲ್ಲ. ಡ್ರಿಪ್‌ನಲ್ಲಿ ಕೊಡೋ ಔಷಧಿ ಇದೆ. ಹತ್ತು ದಿನದೊಳಗೆ ಕೊಟ್ರೆ ಹೃದಯಕ್ಕೆ ಪೆಟ್ಟಾಗೋದು ತುಂಬಾ ಕಮ್ಮಿ. ಇವತ್ತು ಎಷ್ಟನೇ ದಿನ?"

"ಹನ್ನೊಂದು," ಎಂದರು ನಿಶ್ಚಿತಕ್ಕ.

"ನಾಲಿಗೆ ನೋಡಿ ಅನುಮಾನ ಬರ್ಲಿಲ್ವಾ?"

"ಇವನು ಎಲೆಯಡಿಕೆ ಕೊಟ್ಟಿದ್ದ ಡಾಕ್ಟ್ರೇ," ಎಂದರು ಅಮ್ಮಿ.

ಔಷಧಿ ಕೊಟ್ಟರು, ಜ್ವರ ಇಳಿಯಿತು. ಆದರೆ ಹೃದಯದ ಸ್ಕ್ಯಾನ್‌ನಲ್ಲಿ ಒಂದು ರಕ್ತನಾಳ ಬಲೂನಿನ ಹಾಗೆ ಉಬ್ಬಿತ್ತು. ಈಗ ತಸ್ಮಿಯಾ ದಿನಾ ಮಾತ್ರೆ ನುಂಗುತ್ತಾಳೆ. ಆಗಾಗ ಸ್ಕ್ಯಾನ್. ಅಂಗಳದಲ್ಲಿ ಅವಳು ಓಡಿದರೆ ಮನೆಯಲ್ಲಿ ಎಲ್ಲರ ಮಾತೂ ನಿಲ್ಲುತ್ತದೆ. ಮಕ್ಕಳಿಗೆ ಚಪ್ಪಲಿ ಕೊಳ್ಳಲು ಬಂದ ತಾಯಂದಿರಿಗೆಲ್ಲ ಅಬ್ಬಾ ಈ ಕಾಯಿಲೆಯ ಬಗ್ಗೆ ಹೇಳುತ್ತಾರೆ. ದಾದಿ ತನ್ನಿಂದಲೇ ಹೀಗಾಯಿತು ಅಂತ ಎಲೆಯಡಿಕೆ ಬಿಟ್ಟಿದ್ದಾರೆ.

ನೀವೂ ಕೇಳಿ. ಮಗುವಿಗೆ ಐದು ದಿನ ಜ್ವರ ಬಿಡದಿದ್ದರೆ, ಜೊತೆಗೆ ಕಣ್ಣು, ತುಟಿ, ನಾಲಿಗೆ ಕೆಂಪಾದರೆ, ಗಂಧೆ ಎದ್ದರೆ, ಕೈಕಾಲು ಊದಿದರೆ, ಕುತ್ತಿಗೆಯಲ್ಲಿ ಗಂಟು ಕಂಡರೆ, ಅದೇ ದಿನ ಮಕ್ಕಳ ಡಾಕ್ಟರ ಹತ್ತಿರ ಹೋಗಿ. ಎಲ್ಲ ಲಕ್ಷಣ ಬರಲಿ ಅಂತ ಕಾಯಬೇಡಿ. ಬಂದು ಮಾಯವಾದದ್ದನ್ನೂ ಹೇಳಿ. ಕಂಡದ್ದನ್ನು ಕಂಡ ಹಾಗೇ ಹೇಳಿ.

ಇದನ್ನು ನಿಶ್ಚಿತಕ್ಕ ಮಹಿಳಾ ಸಂಘದಲ್ಲಿ ಓದುತ್ತಾರೆ. ದಾದಿ ಅಲ್ಲಿ ಕೂತಿರುತ್ತಾರೆ. ಅವರ ಮುಖ ನೋಡಿ ಹೇಳುವ ಧೈರ್ಯ ನನಗೆ ಬಂದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ದಾದಿ, ನಾನು ತಸ್ಮಿಯಾಗೆ ಎಲೆಯಡಿಕೆ ಕೊಟ್ಟೇ ಇರಲಿಲ್ಲ. ಅವಳು ಏಳುವಾಗಲೇ ನಾಲಿಗೆ ಕೆಂಪಾಗಿತ್ತು. ಮೊದಲು ನೋಡಿದವನು ನಾನು. ನಗಿಸಲು ಸುಳ್ಳು ಹೇಳಿದೆ. ನಿಶ್ಚಿತಕ್ಕ ಕೇಳಿದಾಗ ಇಲ್ಲ ಎನ್ನಬಹುದಿತ್ತು. ಎಲ್ಲರೂ ನಗುತ್ತಿದ್ದರು, ಅನ್ನಲಿಲ್ಲ.