ಮುದಿ ನೊಣಗಳ ಬಾಣಂತನ

ಹೆರಿಗೆ ರಜೆ ಮುಗಿದು ಅವಳು ಕೆಲಸಕ್ಕೆ ಮರಳಬೇಕಿದ್ದ ಹೊತ್ತಿಗೇ ಅತ್ತೆ ಬಚ್ಚಲಲ್ಲಿ ಕಾಲು ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಮಗುವನ್ನು ನೋಡಿಕೊಳ್ಳಲೆಂದೇ ಬಂದಿದ್ದವರು, ಈಗ ತಾವೇ ಹಾಸಿಗೆ ಹಿಡಿದರು. ಗಂಡ ಹಡಗಿನ ಎಂಜಿನ್ ನೋಡಿಕೊಳ್ಳುವವನು. ಒಮ್ಮೆ ಹೊರಟರೆ ತಿಂಗಳುಗಟ್ಟಲೆ ನೀರಿನ ಮೇಲೆ. ಮನೆಯಲ್ಲಿ ಕೈಕಾಲು ನೆಟ್ಟಗಿದ್ದವರು ಎಂದರೆ ಮಾವ ಒಬ್ಬರೇ.

ಮಾವ ಬದುಕಿಡೀ ಲಾರಿ ಓಡಿಸಿದವರು. ಅವರು ಮನೆಗೆ ಬರುವಾಗಲೂ ಮಗ ನಿದ್ದೆಯಲ್ಲಿರುತ್ತಿದ್ದ, ಹೊರಡುವಾಗಲೂ ನಿದ್ದೆಯಲ್ಲಿರುತ್ತಿದ್ದ. ಅವನನ್ನು ಎತ್ತಿ ಆಡಿಸಿದ ನೆನಪು ಅವರಿಗೂ ಸರಿಯಾಗಿ ಇರಲಿಲ್ಲ, ಅತ್ತೆಗಂತೂ ಇರಲೇ ಇಲ್ಲ. ಸ್ಟಿಯರಿಂಗ್ ಹಿಡಿದು ಹಿಡಿದು ಜಡ್ಡುಗಟ್ಟಿದ ಎರಡೂ ಕೈಗಳನ್ನು ಮುಂದೆ ಚಾಚಿ ಅವರು ಸೊಸೆಯ ಎದುರು ನಿಂತರು.

"ಕೊಡಮ್ಮ ಇಲ್ಲಿ. ಎಲ್ಲಿ ಹಿಡ್ಕೋಬೇಕು ಹೇಳು."

"ಒಂದು ಕೈ ಕತ್ತಿನ ಕೆಳಗೆ, ಮಾವ. ಇನ್ನೊಂದು ಬೆನ್ನಿಗೆ."

"ಟೈರ್ ಅಲ್ಲ ಅದು! ಮೆತ್ತಗೆ!" ಒಳಗಿನ ಕೋಣೆಯಿಂದ ಅತ್ತೆಯ ದನಿ ಬಂತು.

"ಮಲ್ಕೊಂಡಿರೋಳು ಸುಮ್ನೆ ಮಲ್ಕೊಳ್ಳೇ," ಎಂದರು ಮಾವ, ಆದರೆ ಕೈ ಮೆತ್ತಗಾಯಿತು.

ಮಗು ಅವರ ಮುಖವನ್ನೊಮ್ಮೆ ನೋಡಿ, ಮನೆ ಹಾರಿಹೋಗುವಂತೆ ಅಳತೊಡಗಿತು. ಆ ಅಳುವನ್ನು ಕಿವಿಯಲ್ಲಿ ತುಂಬಿಕೊಂಡೇ ಅವಳು ಬಸ್ಸು ಹತ್ತಿದಳು.

ಅವಳು ಕೆಲಸ ಮಾಡುತ್ತಿದ್ದುದು ಪ್ರಾಣಿಗಳ ನಡವಳಿಕೆಯನ್ನು ಅಭ್ಯಾಸ ಮಾಡುವ ಪ್ರಯೋಗಾಲಯದಲ್ಲಿ. ಮೊದಲ ಮಹಡಿಯ ಕತ್ತಲೆ ಕೋಣೆಯೊಂದರಲ್ಲಿ, ಎರಡು ಗಾಜಿನ ಹಲಗೆಗಳ ನಡುವೆ, ಜೇನುನೊಣಗಳ ಒಂದು ದೊಡ್ಡ ಸಂಸಾರವಿತ್ತು. ಗೋಡೆ ಕೊರೆದು ಕೂರಿಸಿದ ಕೊಳವೆಯೊಂದರಿಂದ ನೊಣಗಳು ಹೊರಗೆ ಹಾರಿ, ಹೂವು ಸುತ್ತಿ ಮರಳುತ್ತಿದ್ದವು. ಪ್ರತಿ ನೊಣದ ಬೆನ್ನಿಗೂ ಸಾಸಿವೆ ಕಾಳಿನಷ್ಟು ಅಗಲದ ಒಂದು ಬಿಲ್ಲೆ, ಅದರ ಮೇಲೆ ಕಪ್ಪು ಬಿಳುಪಿನ ಗುರುತು. ನೊಣಗಳ ಕಣ್ಣಿಗೆ ಕಾಣದ ಬೆಳಕಿನಲ್ಲಿ ಕ್ಯಾಮೆರಾಗಳು ಬಿಡುವಿಲ್ಲದೆ ಅವನ್ನು ನೋಡುತ್ತಿದ್ದವು. ಆ ಚಿತ್ರಗಳನ್ನು ಓದಿ, ಈ ನೊಣ ಇಲ್ಲಿಂದ ಅಲ್ಲಿಗೆ ಹೋಯಿತು, ಅಲ್ಲಿ ಇಷ್ಟು ಹೊತ್ತು ನಿಂತಿತು ಎಂದು ಪರದೆಯ ಮೇಲೆ ಗೆರೆ ಎಳೆದು ತೋರಿಸುವ ಸಾಫ್ಟ್‌ವೇರನ್ನು ಬರೆದವಳು ಅವಳೇ.

ಎಳೆಯ ನೊಣಗಳಿಗೆ ಹಸಿರು ಗೆರೆ, ಮುದಿ ನೊಣಗಳಿಗೆ ಕೇಸರಿ ಗೆರೆ. ಎಳೆಯವು ಹೊರಗಿನ ಲೋಕ ಕಂಡಿರುವುದಿಲ್ಲ. ಮೇಣದ ಪುಟ್ಟ ಕೋಣೆಗಳ ಎರಿಯ ನಡುವಿನಲ್ಲೇ ಇದ್ದು, ತಮ್ಮ ತಲೆಯೊಳಗಿನ ಗ್ರಂಥಿಯಲ್ಲಿ ಹಾಲಿನಂಥದ್ದು ಊರಿಸಿ ಮರಿಹುಳುಗಳಿಗೆ ಉಣಿಸುತ್ತವೆ. ವಯಸ್ಸಾದಂತೆ ಆ ಗ್ರಂಥಿ ಬತ್ತುತ್ತದೆ. ಆಮೇಲೆ ಅವು ಹೂವಿಗೆ ಹೋಗುತ್ತವೆ, ರೆಕ್ಕೆ ಹರಿಯುವ ತನಕ ದುಡಿದು ಎಲ್ಲೋ ಬಯಲಲ್ಲಿ ಬಿದ್ದು ಸಾಯುತ್ತವೆ. ಹಾಗಾಗಿ ಪರದೆಯ ಮೇಲೆ ನಡುವೆ ಹಸಿರು, ಬಾಗಿಲ ಬಳಿ ಕೇಸರಿ. ಈ ಚಿತ್ರ ಅವಳಿಗೆ ತನ್ನ ಅಂಗೈಯಷ್ಟೇ ಪರಿಚಿತ.

ಅವಳು ರಜೆಯಿಂದ ಮರಳಿದ ದಿನವೇ ಮೇಡಂ ಆ ಸಂಸಾರವನ್ನು ಎರಡು ಪಾಲು ಮಾಡಿದರು. ಪ್ರಯೋಗಾಲಯದ ಮುಖ್ಯಸ್ಥೆ ಅವರು. ಎತ್ತರದ, ಮಾತು ಕಡಿಮೆಯ ಹೆಂಗಸು. ಮುದಿ ನೊಣಗಳೆಲ್ಲ ಹೂವಿಗೆ ಹೋಗಿದ್ದ ನಡುಹಗಲಿನಲ್ಲಿ ರಾಣಿಯನ್ನೂ ಎಳೆಯ ನೊಣಗಳನ್ನೂ ಬೇರೆ ಪೆಟ್ಟಿಗೆಗೆ ಹಾಕಿ ದೂರದ ತೋಟಕ್ಕೆ ಕಳಿಸಿಬಿಟ್ಟರು. ಗಾಜಿನ ಗೂಡಿನಲ್ಲಿ ಉಳಿದದ್ದು ಒಂದು ಎರಿ, ಅದರ ತುಂಬ ಮೊಟ್ಟೆ, ಈಗಷ್ಟೇ ಮೊಟ್ಟೆಯೊಡೆದು ಬಂದ ಕೂದಲೆಳೆಯಂಥ ಮರಿಹುಳುಗಳು. ಸಂಜೆ ಹೂವಿನಿಂದ ಮರಳುವ ಮುದಿ ನೊಣಗಳಿಗೆ ಸಿಗುವುದು ತಾಯಿಯಿಲ್ಲದ, ದಾದಿಯರಿಲ್ಲದ ಮನೆ.

"ಈ ಮರಿಗಳಿಗೆ ಯಾರು ಗತಿ, ಮೇಡಂ?"

"ಅದನ್ನೇ ನೋಡೋಣ ಅಂತ. ಹೀಗೆ ಮಾಡಿದಾಗ ಏನೇನೋ ಆಗಿದೆ ಅಂತ ಓದಿದೀನಿ. ಕಣ್ಣಾರೆ ನೋಡಿಲ್ಲ." ಅಷ್ಟು ಹೇಳಿ ಮೇಡಂ ಯಾವುದೋ ಸಭೆಗೆಂದು ಬೇರೆ ಊರಿಗೆ ಹೊರಟುಹೋದರು.

ಮೊದಲೆರಡು ದಿನ ಪರದೆ ನೋಡಲು ಸಂಕಟವಾಗುತ್ತಿತ್ತು. ನಡುವೆ ಖಾಲಿ. ಕೇಸರಿ ಗೆರೆಗಳು ಬಾಗಿಲ ಹತ್ತಿರ ಗಂಟುಗಂಟಾಗಿ ಸುತ್ತುತ್ತಿದ್ದವು, ದಾರಿ ತಪ್ಪಿದವರು ಬಸ್ ನಿಲ್ದಾಣದಲ್ಲಿ ಅತ್ತಿಂದಿತ್ತ ಓಡಾಡುವ ಹಾಗೆ. ಮನೆಯಲ್ಲೂ ಅದೇ ಕತೆ. ಮಾವನಿಗೆ ಸೀಸೆಯ ಹಾಲು ಕುಡಿಸಲು ಬರದು, ಬಟ್ಟೆ ಬದಲಿಸಲು ಬರದು. ಅತ್ತೆ ಮಲಗಿದಲ್ಲಿಂದಲೇ ಒಂದೊಂದನ್ನೂ ಕೂಗಿ ಹೇಳಿ ಹೇಳಿ ಗಂಟಲು ಕಟ್ಟಿಸಿಕೊಂಡಿದ್ದರು.

ಮೂರನೆಯ ಬೆಳಿಗ್ಗೆ ಕಂಪ್ಯೂಟರ್ ತೆರೆದವಳು ಹಣೆ ಚಚ್ಚಿಕೊಂಡಳು. ಕೇಸರಿ ಗೆರೆಗಳು ಎರಿಯ ನಡುಮಧ್ಯದಲ್ಲಿದ್ದವು. ಒಂದಲ್ಲ ಎರಡಲ್ಲ, ನೂರಾರು.

ಸಾಫ್ಟ್‌ವೇರ್ ಕೆಟ್ಟಿತು ಎಂದುಕೊಂಡಳು. ಬಿಲ್ಲೆ ಕೊಳೆಯಾದರೆ ಒಂದು ಗುರುತನ್ನು ಇನ್ನೊಂದೆಂದು ಓದುವ ಚಾಳಿ ಅದಕ್ಕೆ ಮೊದಲಿನಿಂದಲೂ ಇತ್ತು. ತಾನು ಇಲ್ಲದಾಗ ಯಾರೋ ಏನೋ ಬದಲಾಯಿಸಿರಬೇಕು ಎಂದು ಸಹೋದ್ಯೋಗಿಗಳನ್ನೆಲ್ಲ ಮನಸ್ಸಿನಲ್ಲೇ ಬೈದು, ಬರೆದ ಸಾಲುಗಳನ್ನೆಲ್ಲ ಮೊದಲಿಂದ ತಿರುವಿ ಹಾಕಿದಳು. ತಪ್ಪು ಸಿಗಲಿಲ್ಲ. ಗೆರೆ ಬಿಟ್ಟು ಮೂಲ ಚಿತ್ರಗಳನ್ನೇ ಹಿಗ್ಗಿಸಿ, ಬಿಲ್ಲೆಯ ಗುರುತುಗಳನ್ನು ತನ್ನ ಕಣ್ಣಿನಿಂದಲೇ ಓದಿದಳು. ಸಾಫ್ಟ್‌ವೇರ್ ಓದಿದ್ದೇ ಸರಿಯಿತ್ತು. ಆದರೂ ನಂಬಿಕೆ ಬರಲಿಲ್ಲ. ಕೊನೆಗೆ ಕುರ್ಚಿ ತಳ್ಳಿ ಎದ್ದು, ಕತ್ತಲೆ ಕೋಣೆಗೆ ಹೋಗಿ, ನೊಣಗಳಿಗೆ ಕಾಣದ ಕೆಂಪು ಬೆಳಕಿನ ಟಾರ್ಚು ಹಚ್ಚಿ ಗಾಜಿಗೆ ಮೂಗು ತಾಗಿಸಿ ನಿಂತಳು.

ಇಷ್ಟು ವರ್ಷ ನೊಣಗಳನ್ನು ಅವಳು ಗೆರೆಗಳಾಗಿಯೇ ನೋಡಿದ್ದವಳು. ಅಂದು ನೊಣವನ್ನೇ ನೋಡಿದಳು. ಮೈಮೇಲಿನ ರೋಮವೆಲ್ಲ ಉದುರಿ ಬೋಳಾಗಿ ಮಿರುಗುತ್ತಿದ್ದ, ರೆಕ್ಕೆಯ ಅಂಚು ಹಳೆಯ ಬಾವುಟದಂತೆ ಚಿಂದಿಯಾಗಿದ್ದ ಒಂದು ಮುದಿ ನೊಣ. ಅದು ಎರಿಯ ಒಂದು ಪುಟ್ಟ ಕೋಣೆಯ ಅಂಚಿನಲ್ಲಿ ನಿಂತು, ಮೀಸೆಯಾಡಿಸಿ, ಒಳಗೆ ತಲೆ ತೂರಿಸಿತು. ಹಿಂದಕ್ಕೆ ಸರಿಯಿತು. ಮತ್ತೆ ತೂರಿಸಿತು. ಈ ಬಾರಿ ಅಲ್ಲೇ ಇತ್ತು. ಹೊಟ್ಟೆ ಮೆಲ್ಲಗೆ ಏರಿ ಇಳಿಯುತ್ತಿತ್ತು. ಅದು ಸರಿದ ಮೇಲೆ ಟಾರ್ಚಿನ ಕೆಂಪು ಬೆಳಕನ್ನು ಓರೆ ಹಿಡಿದು ನೋಡಿದರೆ, ಕೋಣೆಯ ತಳದಲ್ಲಿ ಮರಿಹುಳು ಬಿಳಿಯ ಹನಿಯೊಂದರಲ್ಲಿ ತೇಲುತ್ತಿತ್ತು.

ಬತ್ತಿದ ಗ್ರಂಥಿಯಲ್ಲಿ ಮತ್ತೆ ಹಾಲೂರಿತ್ತು. ಯಾರೂ ಹೇಳಿಕೊಟ್ಟಿರಲಿಲ್ಲ, ಕೂಗಿ ಹೇಳಲು ಒಳಕೋಣೆಯಲ್ಲಿ ಯಾರೂ ಮಲಗಿರಲಿಲ್ಲ. ಸಾಯಲು ಹೊರಟಿದ್ದ ಮೈಯೊಂದು ತಾನೇ ಹಿಂದಕ್ಕೆ ತಿರುಗಿ ಎಳೆಯದಾಗಿತ್ತು. ಅವಳ ಎದೆಯಲ್ಲೂ ಹಾಲು ಕಟ್ಟಿ ನೋಯುತ್ತಿತ್ತು. ಎದೆಗೆ ಕೈ ಒತ್ತಿಕೊಂಡು ಎಷ್ಟೋ ಹೊತ್ತು ಅಲ್ಲೇ ನಿಂತಳು.

ಹೊರಗೆ ಬಂದು ಮೇಡಂಗೆ ಫೋನ್ ಮಾಡಿದಳು. ಕಂಡದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು.

"ಮೇಡಂ? ಕೇಳಿಸ್ತಾ ಇದೆಯಾ?"

"ಕೇಳಿಸ್ತು. ಇನ್ನೊಂದ್ಸಲ ಹೇಳು," ಎಂದರು ಮೇಡಂ. ಸಭೆಯನ್ನು ಅರ್ಧಕ್ಕೇ ಬಿಟ್ಟು ಮರುದಿನವೇ ಬಂದಿಳಿದರು.

ಆ ದಿನಗಳಲ್ಲೇ ಮಾವ ಒಂದು ಹೊಸ ಪದ್ಧತಿ ಶುರು ಮಾಡಿದರು. ಸೀಸೆ ಕಂಡರೆ ಮಗು ಮುಖ ತಿರುಗಿಸುತ್ತದೆ ಎಂದು, ಮಧ್ಯಾಹ್ನ ಪಕ್ಕದ ಮನೆಯವರನ್ನು ಅತ್ತೆಯ ಹತ್ತಿರ ಕೂರಿಸಿ, ಮಗುವನ್ನು ಎದೆಗೆ ಕಟ್ಟಿಕೊಂಡು ಬಸ್ಸಿನಲ್ಲಿ ಪ್ರಯೋಗಾಲಯಕ್ಕೇ ಬರತೊಡಗಿದರು. ಅವಳು ಹಾಲೂಡಿಸಿ ಮುಗಿಸುವ ತನಕ ಹೊರಗಿನ ಬೆಂಚಿನಲ್ಲಿ ಕೂತು, ಆಮೇಲೆ ಮಗುವನ್ನು ಹೆಗಲಿಗೆ ಹಾಕಿಕೊಂಡು ತೇಗು ಬರುವವರೆಗೂ ವರಾಂಡದುದ್ದಕ್ಕೂ ಅಡ್ಡಾಡುವರು. ಹಾಗೆ ಅಡ್ಡಾಡುವಾಗ ಎಂಜಿನ್ ಓಡುವಂಥ ಒಂದು ಗುರುಗುರು ಸದ್ದನ್ನು ಗಂಟಲಿನಲ್ಲಿ ಹೊರಡಿಸುತ್ತಿದ್ದರು. ಅದಕ್ಕೆ ಮಗು ಎರಡೇ ನಿಮಿಷದಲ್ಲಿ ನಿದ್ದೆ ಹೋಗುತ್ತಿತ್ತು.

"ಇದನ್ನ ಎಲ್ಲಿ ಕಲಿತ್ರಿ ಮಾವ?"

"ಕಲಿಯೋದೇನು? ರಾತ್ರಿಯೆಲ್ಲ ಗಾಡಿ ಓಡ್ಸುವಾಗ ನಂಗೇ ನಿದ್ದೆ ಬರ್ಸ್ತಿದ್ದ ಸದ್ದು. ಇವಳಿಗೆ ಬರ್ದೇ ಇರುತ್ತಾ?"

ಒಮ್ಮೆ ಮೇಡಂ ಮಾವನನ್ನು ಒಳಗೆ ಕರೆದು ಪರದೆ ತೋರಿಸಿದರು. ಕೇಸರಿ ಗೆರೆಗಳು ಎರಿಯ ನಡುವೆ ದಟ್ಟವಾಗಿ ಹೆಣೆದುಕೊಂಡಿದ್ದವು. ಯಾವುದು ಎಷ್ಟು ದೂರ ಹಾರಿ ಬಂದ ನೊಣ, ಈಗ ಅದು ಏನು ಮಾಡುತ್ತಿದೆ ಎಂದು ಮೇಡಂ ಬಿಡಿಸಿ ಹೇಳಿದರು. ಮಾವ ಮಗುವಿನ ಬೆನ್ನು ತಟ್ಟುತ್ತ ಬಹಳ ಹೊತ್ತು ನೋಡಿದರು.

"ಎಲ್ಲವೂ ಹೀಗೆ ಮಾಡ್ತಾವಾ?"

"ಇಲ್ಲ. ಅರ್ಧಕ್ಕರ್ಧ ಇನ್ನೂ ಹೂವಿಗೇ ಹೋಗ್ತಿವೆ. ಅದೂ ಬೇಕಲ್ಲ, ಊಟ ತರೋರು."

"ಯಾವುದು ಒಳಗಿರಬೇಕು, ಯಾವುದು ಹೊರಗೆ ಹೋಗಬೇಕು ಅಂತ ಹೇಳೋರು ಯಾರು?"

"ಗೊತ್ತಿಲ್ಲ," ಎಂದರು ಮೇಡಂ. ಅಷ್ಟು ಓದಿದ ಹೆಂಗಸು ಅದನ್ನು ದೇವರ ಮನೆಯಲ್ಲಿ ಮಾತಾಡುವಷ್ಟು ಮೆಲ್ಲಗೆ ಹೇಳಿದ್ದು ಕೇಳಿ ಮಾವ ತಾವೂ ದನಿ ತಗ್ಗಿಸಿದರು. "ಅಬ್ಬಾ," ಎಂದರು.

ಎರಿಯ ಕೆಳತುದಿಯಲ್ಲಿ ಮುದಿ ನೊಣಗಳು ಇನ್ನೊಂದು ಕೆಲಸಕ್ಕೂ ಕೈ ಹಾಕಿದ್ದವು. ಒಂದು ಮರಿಹುಳುವನ್ನು ಆರಿಸಿ, ಅದರ ಸುತ್ತ ಮೇಣದಿಂದ ಕಡಲೆಕಾಯಿಯಂಥ ಉದ್ದನೆಯ ಕೋಣೆ ಕಟ್ಟಿ, ಅದಕ್ಕೆ ಹಗಲಿರುಳು ಉಣಿಸುತ್ತಿದ್ದವು. ಅದು ರಾಣಿಯಾಗಬೇಕಾದ ಮರಿ. ಒಂದು ದಿನ ಅವು ಆ ಕೋಣೆಯ ಬಾಯಿಗೆ ಮೇಣ ಮೆತ್ತಿ ಮುಚ್ಚಿದವು. ಈ ನಡುವೆ ಕೇಸರಿ ಗೆರೆಗಳು ಒಂದೊಂದಾಗಿ ನಿಂತುಹೋಗುತ್ತಲೂ ಇದ್ದವು. ಎಷ್ಟಾದರೂ ಮುದಿ ಜೀವ. ಬೆಳಿಗ್ಗೆ ಬಂದ ಕೂಡಲೇ ಅವಳು ಆ ಚಿಂದಿ ರೆಕ್ಕೆಯ ನೊಣದ ಗೆರೆಯನ್ನು ಮೊದಲು ಹುಡುಕುವಳು. ಒಂದು ಬೆಳಿಗ್ಗೆ ಅದೂ ಇರಲಿಲ್ಲ.

ರಾಣಿಯ ಕೋಣೆ ತೆರೆದುಕೊಂಡ ಮಧ್ಯಾಹ್ನ ಮಾವನೂ ಅಲ್ಲೇ ಇದ್ದರು. ಮೇಡಂ ಬಾಗಿಲಲ್ಲಿ ನಿಂತು ಕೈ ಬೀಸಿ ಕರೆದರು. ಮೂವರೂ, ಹೆಗಲ ಮೇಲಿನ ಮಗುವೂ, ಕೆಂಪು ಕತ್ತಲೆಯಲ್ಲಿ ಗಾಜಿನ ಮುಂದೆ ನಿಂತರು. ಮೇಣದ ಮುಚ್ಚಳದ ಅಂಚನ್ನು ಯಾರೋ ಒಳಗಿನಿಂದ ಕಚ್ಚಿ ಕಚ್ಚಿ ದುಂಡಗೆ ಕತ್ತರಿಸುತ್ತಿದ್ದರು. ಸುತ್ತ ಬೋಳು ಮೈಯ ಮುದಿ ನೊಣಗಳು ನೆರೆದಿದ್ದವು. ಮುಚ್ಚಳ ಡಬ್ಬಿಯ ಮುಚ್ಚಳದಂತೆ ಕೆಳಗೆ ಬಿಚ್ಚಿಕೊಂಡಿತು. ಮೊದಲು ಎರಡು ಮೀಸೆ, ಆಮೇಲೆ ತಲೆ, ಆಮೇಲೆ ನೀಳವಾದ, ತೇವ ಇನ್ನೂ ಆರದ, ಹೊನ್ನಿನ ಬಣ್ಣದ ಮೈ. ರೆಕ್ಕೆಯಲ್ಲಿ ಒಂದು ಗೀರೂ ಇಲ್ಲ. ಮುದಿ ನೊಣಗಳು ಮೊದಲು ಹಿಂಜರಿದು ದಾರಿ ಬಿಟ್ಟವು, ಆಮೇಲೆ ಒಂದು ಮುಂದೆ ಬಂದು ರಾಣಿಯ ಬಾಯಿಗೆ ಬಾಯಿ ಕೊಟ್ಟು ಉಣಿಸಿತು.

ಮಾವ ಗಾಜಿನ ಹತ್ತಿರ ಬಾಗಿದರು. "ನೋಡೇ, ನೋಡೇ," ಎಂದು ಮಗುವಿನ ಕಿವಿಯಲ್ಲಿ ಪಿಸುಗುಟ್ಟಿದರು. ಮಗು ನಿದ್ದೆಯಲ್ಲಿತ್ತು.

ಆಚೆ ಕೋಣೆಯ ಪರದೆಯ ಮೇಲೆ ಸಾಫ್ಟ್‌ವೇರ್ ಆ ಹೊಸ ಮೈಯನ್ನು ಚೌಕದೊಳಗೆ ಹಿಡಿದು, ಬೆನ್ನ ಮೇಲೆ ಬಿಲ್ಲೆಗಾಗಿ ಹುಡುಕಿ, ಸಿಗದೆ, ಮತ್ತೆ ಹುಡುಕುತ್ತಿತ್ತು. ಗೆರೆಗೆ ಯಾವ ಬಣ್ಣ ಕೊಡಬೇಕೆಂದು ಅದಕ್ಕೆ ತಿಳಿಯಲಿಲ್ಲ. ಅವಳು ಹೋಗಿ ಕುರ್ಚಿಯಲ್ಲಿ ಕುಳಿತಳು. ಕೈ ಕೀಲಿಮಣೆಯ ಮೇಲೆ ಇತ್ತು, ಆದರೆ ಒತ್ತಲು ಮನಸ್ಸು ಬರಲಿಲ್ಲ. ಬಣ್ಣವಿಲ್ಲದ ಆ ಗೆರೆ ಎರಿಯ ಮೇಲೆ ತನ್ನಷ್ಟಕ್ಕೆ ತಾನು ಉದ್ದವಾಗುತ್ತ ಹೋಗುವುದನ್ನು ನೋಡುತ್ತ ಕುಳಿತಳು.