ಎರಡನೇ ಬಾಯ್ಲರ್

"ತಲೆ ಕಡೆ ಎತ್ತು, ಇನ್ನೂ ಮೇಲೆ! ಗೋಡೆಗೆ ತಾಗ್ತಿದೆ!"

ಶವದ ಪೆಟ್ಟಿಗೆ ಮೂರನೇ ಮಹಡಿಯ ತಿರುವಿನಲ್ಲಿ ಸಿಕ್ಕಿಕೊಂಡಿತ್ತು. ಮುಂದಿನ ಹಿಡಿಗೆ ಹೆಗಲು ಕೊಟ್ಟಿದ್ದ ಜಾಬಿರ್, ಹಿಂದಕ್ಕೂ ಸರಿಯಲಾಗದೆ ಕೆಳಕ್ಕೂ ಇಳಿಯಲಾಗದೆ ಗೋಡೆಗೆ ಅಂಟಿಕೊಂಡು ನಿಂತಿದ್ದ. ಮಹಲ್ಲಾ ಊರಿನ, ಬಟ್ಟೆಗೆ ಬಣ್ಣ ಹಾಕುವ ಗಿರಣಿಯಲ್ಲಿ, ಪೆಟ್ಟಿಗೆಯೊಳಗಿದ್ದ ಶಹಾತಾನ ಜೊತೆ ಅವನು ಹದಿನಾರು ವರ್ಷ ಬಾಯ್ಲರ್ ಕಾದವನು. ಗಿರಣಿಯವರು ಕೊಟ್ಟಿದ್ದ ರಜೆ ಎರಡು ಗಂಟೆ. ಅದರಲ್ಲಿ ಅರ್ಧ ಗಂಟೆ ಈ ಮೆಟ್ಟಿಲಿನಲ್ಲೇ ಕಳೆದುಹೋಗಿತ್ತು.

ಕೆಳಗಿನಿಂದ ಯಾರೋ ಏದುಸಿರು ಬಿಡುತ್ತಾ ಹತ್ತಿಬಂದು ಪೆಟ್ಟಿಗೆಯ ಅಡಿಗೆ ಹೆಗಲು ತೂರಿಸಿದರು.

"ಎತ್ತಬೇಡ್ರಪ್ಪಾ, ಓರೆ ಮಾಡಿ. ಹಂಗೆ. ಈಗ ನನ್ನ ಕಡೆ ಬಿಡಿ."

ಸುಣ್ಣ ಕೆರೆದುಕೊಂಡು ಪೆಟ್ಟಿಗೆ ತಿರುಗಿತು. ಆಗ ಜಾಬಿರನಿಗೆ ಆ ಮುಖ ಕಂಡಿತು. ಬಯೂಮಿ.

ಮೇಲೆ ಬಾಗಿಲಲ್ಲಿ ನಿಂತಿದ್ದ ಶಹಾತಾನ ಹೆಂಡತಿ ಇನ್ಸಾಫಳಿಗೂ ಕಂಡಿತು. ಅಳುತ್ತಿದ್ದವಳು ಥಟ್ಟನೆ ನಿಲ್ಲಿಸಿದಳು.

"ಒಂಬತ್ತು ವರ್ಷ ಆದ್ಮೇಲೆ ಈ ಮೆಟ್ಟಿಲು ನೆನಪಾಯ್ತೇನಪ್ಪಾ ಬಯೂಮಿ? ಅವರು ಇದ್ದಾಗ ಬಂದಿದ್ರೆ ಒಂದು ಲೋಟ ಚಹಾ ಆದ್ರೂ ಸಿಗ್ತಿತ್ತು."

ಬಯೂಮಿ ಒಂದು ಮೆಟ್ಟಿಲು ಕೆಳಗಿಳಿದ. ಹೆಗಲ ಮೇಲೆ ಹೆಣವಿರುವಾಗ ತಿರುಗಿ ನೋಡುವಂತೆಯೂ ಇರಲಿಲ್ಲ.

*

ಹತ್ತು ವರ್ಷಗಳ ಹಿಂದೆ ಗಿರಣಿಗೆ ಸೌಸನ್ ಎಂಬ ಎಂಜಿನಿಯರ್ ಬಂದಿದ್ದಳು. ಬಂದ ಮೊದಲ ವಾರವೇ ಬಾಯ್ಲರ್ ಮನೆಯ ಗೋಡೆಗೆ ಒಂದು ಕಪ್ಪು ಹಲಗೆ ಹೊಡೆಸಿದಳು. ದಿನವೂ ಬೆಳಿಗ್ಗೆ ಪಾಳಿ ಶುರುವಾಗುವ ಮುನ್ನ ಹತ್ತು ನಿಮಿಷ ಎಲ್ಲರೂ ಅದರ ಮುಂದೆ ನಿಲ್ಲಬೇಕು. ನಿನ್ನೆ ಉರಿದ ಗ್ಯಾಸೆಷ್ಟು, ಬಣ್ಣ ಹತ್ತಿಸಿದ ಬಟ್ಟೆಯೆಷ್ಟು ಎಂದು ಬರೆದು, ಸೀಮೆಸುಣ್ಣವನ್ನು ಕೆಳಗಿಟ್ಟು ಕೇಳುತ್ತಿದ್ದಳು: "ನಿನ್ನೆ ನಿಮ್ಮ ಕಣ್ಣಿಗೆ ಬಿದ್ದಿದ್ದೇನು?"

ಮೊದಲ ದಿನ ಯಾರೂ ಬಾಯಿ ಬಿಡಲಿಲ್ಲ. ಎರಡನೇ ದಿನ ಶಹಾತಾ ಕೆಮ್ಮಿದ.

"ಕಣ್ಣಿಗೆ ಬಿದ್ದಿದ್ದಲ್ಲ ಎಂಜಿನಿಯರಮ್ಮ, ಕಿವಿಗೆ ಬಿದ್ದಿದ್ದು. ಒಣಗಿಸೋ ಯಂತ್ರದ ಹಿಂದೆ ಮೂರು ವಾಲ್ವ್ ಅಳ್ತಾ ಇವೆ."

"ಯಾವಾಗಿಂದ?"

"ಎಂಟು ವರ್ಷ ಆಯ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಯಾರೂ ಕೇಳ್ಲಿಲ್ಲ."

ಬಯೂಮಿ ಗೊಳ್ಳನೆ ನಕ್ಕ. "ಇವನನ್ನ ಕೇಳ್ಬೇಡಿ ಅಮ್ಮಾ! ಇವನು ಮದುವೆ ಮನೇಲೂ ಹುಡುಗಿ ನೋಡೋದು ಬಿಟ್ಟು ಪೈಪಿಗೆ ಕಿವಿ ಕೊಟ್ಟವನು."

ಅದು ಸುಳ್ಳಾಗಿರಲಿಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಕೊಳವೆಗಿಟ್ಟು, ಹಿಡಿಯನ್ನು ಕಿವಿಗೊತ್ತಿ, ಕಣ್ಣು ಮುಚ್ಚಿ ನಿಂತರೆ ಹಬೆ ಎಲ್ಲಿ ಸೋರಿ ಹೋಗುತ್ತಿದೆಯೆಂದು ಶಹಾತಾ ಹೇಳಿಬಿಡುತ್ತಿದ್ದ. ಮುಂದಿನ ಎಂಟು ತಿಂಗಳು ಅವನು ಹಾಗೆ ಗಿರಣಿಯನ್ನೆಲ್ಲ ಸುತ್ತಿದ. ಬಯೂಮಿ ಹಿಂದೆಯೇ ಪಾನಾ ಹಿಡಿದು ನಡೆದ. ಸೋರುವುದನ್ನೆಲ್ಲ ಕಟ್ಟಿದರು. ಚರಂಡಿಗೆ ಹೋಗುತ್ತಿದ್ದ ಬಿಸಿನೀರನ್ನು ತೊಟ್ಟಿಗೆ ತಿರುಗಿಸಿದರು. ಹಲಗೆಯ ಮೇಲಿನ ಗ್ಯಾಸಿನ ಅಂಕಿ ವಾರವಾರವೂ ಇಳಿಯಿತು. ಕೊನೆಗೊಂದು ಬೆಳಿಗ್ಗೆ ಶಹಾತಾ ತಾನೇ ಸೀಮೆಸುಣ್ಣ ಎತ್ತಿಕೊಂಡು, ಕಲಿತಷ್ಟೇ ಅಕ್ಷರದಲ್ಲಿ ಬರೆದ: ಎರಡನೇ ಬಾಯ್ಲರ್ ಬೇಡ.

ಸೌಸನ್ ಚಪ್ಪಾಳೆ ತಟ್ಟಿದಳು. ಎಲ್ಲರಿಗೂ ಬಸ್ಬೂಸಾ ಸಿಹಿ ತರಿಸಿದಳು. ಬೆರಳಿನ ಪಾಕ ನೆಕ್ಕುತ್ತಾ ಬಯೂಮಿಯೂ ನಕ್ಕ. ಎರಡನೇ ಬಾಯ್ಲರು ಕಾಯುತ್ತಿದ್ದವನು ಅವನೇ.

ಮರುವಾರ ಗಿರಣಿಯ ಮುಖ್ಯಸ್ಥ ಫಿಕ್ರಿ ಬೇ ಬಂದು ಹಲಗೆ ಓದಿದ. "ಬಾಯ್ಲರ್ ಬೇಡ ಅಂದ್ರೆ ಅದನ್ನ ಕಾಯೋನು ಯಾಕೆ ಬೇಕು?" ಎಂದ.

ಬಯೂಮಿ ಅಂದೇ ಗೇಟಿನಾಚೆ ಹೋದ. ಅವನಿಗಾಗಿ ಜಗಳಕ್ಕೆ ನಿಂತ ಸೌಸನ್ ತಿಂಗಳೊಳಗೆ ಕೆಲಸ ಬಿಟ್ಟಳು. ಹಲಗೆಯನ್ನು ಯಾರೋ ಕಳಚಿ, ಕಿತ್ತುಹೋಗಿದ್ದ ಕಿಟಕಿಗೆ ಅಡ್ಡ ಇಟ್ಟರು.

*

ಸ್ಮಶಾನದಲ್ಲಿ ಮಣ್ಣು ಮುಚ್ಚಿ ಮುಗಿದಿತ್ತು. ಇಮಾಮರು ಪ್ರಾರ್ಥಿಸುತ್ತಿದ್ದರು. ಜಾಬಿರ್ ಬಯೂಮಿಯ ಪಕ್ಕಕ್ಕೆ ಸರಿದು ಪಿಸುಗುಟ್ಟಿದ.

"ನೀನು ಬರ್ತೀಯ ಅಂದ್ಕೊಂಡಿರ್ಲಿಲ್ಲ."

"ಬರಬಾರದು ಅಂತಾನೇ ಇದ್ದೆ. ನನ್ನ ಕತ್ತು ಕೊಯ್ದು ದೊಡ್ಡವರ ಹತ್ರ ಶಹಬ್ಬಾಸ್ ಅನ್ನಿಸ್ಕೊಂಡೋನು." ಬಯೂಮಿ ಮಣ್ಣು ಮೆತ್ತಿದ ಅಂಗೈ ನೋಡಿಕೊಂಡ. "ಹೆಂಗಾಯ್ತು?"

"ಏಣಿ ಮೇಲೆ. ಎದೆ ಹಿಡ್ಕೊಂಡು ಹಂಗೇ ಕೂತ. ನಾವು ಹತ್ತಿ ಹೋಗೋಷ್ಟರಲ್ಲಿ ಆಗೋಗಿತ್ತು."

"ಯಾವ ಏಣಿ?"

"ತಾರಸಿಗೆ ಹೋಗೋದು."

"ತಾರಸಿ ಮೇಲೆ ಅವನಿಗೇನು ಕೆಲಸ? ಅಲ್ಲಿರೋದು ಬರೀ ಹಬೆ ಬಿಡೋ ವಾಲ್ವ್."

ಜಾಬಿರ್ ನೆಲ ನೋಡಿದ. "ಅದಕ್ಕೇ ಹತ್ತಿದ್ದು. ಒಂಬತ್ತು ವರ್ಷದಿಂದ ಹತ್ತುತ್ತಿದ್ದ. ನಾವೇ ಹತ್ತಿಸಿದ್ವಿ."

*

ಬಯೂಮಿ ಹೋದ ಮೇಲೆ ಬಾಯ್ಲರ್ ಮನೆಯಲ್ಲಿ ಉಳಿದವರು ನಾಲ್ವರು. ಮೊದಲ ಚಳಿಗಾಲದಲ್ಲಿ ಬಟ್ಟೆಯ ಬೇಡಿಕೆ ಕುಸಿದು, ಹಬೆ ಎಷ್ಟು ಖರ್ಚಾಗುತ್ತಿದೆಯೆಂದು ತೋರಿಸುವ ಮೀಟರಿನ ಮುಳ್ಳು ಇಳಿಯಿತು. ಫಿಕ್ರಿ ಬೇ ಮೀಟರಿನ ಮುಂದೆ ಕೈಕಟ್ಟಿ ನಿಂತ. "ಮುಳ್ಳು ಇಳೀತು ಅಂದ್ರೆ ಕೆಲಸ ಕಮ್ಮಿ ಆಯ್ತು. ಕೆಲಸ ಕಮ್ಮಿ ಆದ್ರೆ ಜನ ಹೆಚ್ಚಾದ್ರು" ಎಂದು ಹೇಳಿ ಹೋದ.

ಅಂದು ಮಧ್ಯಾಹ್ನ ಉಳಿದ ಮೂವರೂ ಶಹಾತಾನ ಸುತ್ತ ಕೂತರು. ಊಟದ ಬುತ್ತಿಯನ್ನು ಯಾರೂ ಬಿಚ್ಚಲಿಲ್ಲ.

"ಉಸ್ತಾ, ಕೆಲಸದಲ್ಲಿ ನೀನೇ ನಮಗೆ ಗುರು. ನನಗೆ ಮೂರು ಹೆಣ್ಣುಮಕ್ಕಳು" ಎಂದ ಜಾಬಿರ್. "ಮುಳ್ಳು ಇಳೀಬಾರದು."

"ಬೇಡದ ಹಬೇನ ಏನು ಮಾಡ್ಲೋ?"

"ಮೇಲೆ ಬಿಡು."

"ಆಕಾಶಕ್ಕಾ?"

"ಬಯೂಮಿ ಆಯ್ತು. ಇನ್ನು ನಮ್ಮನ್ನೂ ಕಳಿಸ್ತೀಯಾ?"

ಶಹಾತಾ ಏಣಿ ಹತ್ತಿದ. ವಾಲ್ವ್ ತಿರುಗಿಸಿದಾಗ ಎದುರು ತಾರಸಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಹೆಂಗಸು ಬೆಚ್ಚಿ ಬೈದಳು. ಸ್ಕ್ರೂಡ್ರೈವರ್ ಬೇಡದೆಯೇ ಇಡೀ ಬೀದಿಗೆ ಕೇಳುವ ಸೋರಿಕೆ ಅದು. ಅವನು ಎರಡೂ ಕಿವಿ ಮುಚ್ಚಿಕೊಂಡು ನಿಂತ. ಆಮೇಲೆ ದಿನಕ್ಕೆರಡು ಸಲ, ಕೆಲಸ ಕಡಿಮೆಯಿದ್ದ ದಿನ ನಾಲ್ಕು ಸಲ. ಬೇರೆಯವರು ಹತ್ತುತ್ತೇವೆಂದರೆ ಬಿಡುತ್ತಿರಲಿಲ್ಲ. "ಸಿಕ್ಕಿಬಿದ್ರೆ ಒಬ್ಬನೇ ಹೋಗ್ತೀನಿ" ಎನ್ನುತ್ತಿದ್ದ.

ಮನೆಯಲ್ಲಿ ಚಹಾ ಕುದಿಯುವ ಮೊದಲೇ ಒಲೆ ಆರಿಸುತ್ತಿದ್ದ. "ಅಲ್ಲಿ ಊರಿಗೆಲ್ಲ ಹೊಗೆ ಹಾಕಿ ಬರ್ತೀರ, ನನ್ನ ಒಂದು ಲೋಟ ಚಹಾಗೆ ಜಿಪುಣತನ!" ಎಂದು ಇನ್ಸಾಫ್ ರೇಗಿದರೆ ಸುಮ್ಮನೆ ಅರೆ ಕುದಿದ ಚಹಾ ಕುಡಿಯುತ್ತಿದ್ದ.

*

"ನನಗ್ಯಾಕೆ ಹೇಳ್ಲಿಲ್ಲ?" ಎಂದ ಬಯೂಮಿ.

"ನಿನ್ನ ತಳ್ಳುಗಾಡಿ ಹತ್ರ ಬಂದಿದ್ನಂತೆ. ಮೂರು ಸಲ. ತಾಮಿಯಾ ವಡೆ ತಗೊಳೋರ ಸಾಲಲ್ಲಿ ನಿಂತು, ಮುಂದೆ ಒಬ್ಬನೇ ಉಳಿದಾಗ ವಾಪಸ್ ಬಂದ್ನಂತೆ."

ಬಯೂಮಿ ಹೊಸ ಮಣ್ಣಿನ ಗುಡ್ಡೆಯ ಕಡೆ ತಿರುಗಿದ.

"ನೋಡಿದೀನಿ" ಎಂದ ಕೊನೆಗೆ. "ಮೂರು ಸಲಾನೂ. ಬಾಣಲೆಯಿಂದ ತಲೆ ಎತ್ತಲಿಲ್ಲ."

ಪ್ರಾರ್ಥನೆ ಮುಗಿದಿತ್ತು. ಸ್ಮಶಾನದ ಬಾಗಿಲಲ್ಲಿ ಸಂತಾಪ ಸ್ವೀಕರಿಸಲು ಮನೆಯವರು ಸಾಲಾಗಿ ನಿಲ್ಲುತ್ತಿದ್ದರು. ಶಹಾತಾನಿಗೆ ಗಂಡುಮಕ್ಕಳಿರಲಿಲ್ಲ. ಸಾಲಿನಲ್ಲಿದ್ದವರು ಅಳಿಯ ಮತ್ತು ಊರುಗೋಲಿನ ಮುದಿ ಚಿಕ್ಕಪ್ಪ, ಇಬ್ಬರೇ. ಹೊರಗೆ ಹೊರಟಿದ್ದ ಬಯೂಮಿಯ ತೋಳನ್ನು ಮುದುಕ ಹಿಡಿದ.

"ಎಲ್ಲಿಗಯ್ಯಾ? ಸಾಲು ಬರಿದಾಗಿ ಕಾಣ್ತಿದೆ. ನಿಂತ್ಕೊ."

"ನಾನು ಮನೆಯವನಲ್ಲ ಚಿಕ್ಕಪ್ಪ."

"ಪೆಟ್ಟಿಗೆ ಹೊತ್ತಿಲ್ವಾ? ನಿಂತ್ಕೊ."

ಅಷ್ಟರಲ್ಲಿ ಜನ ಬಂದೇಬಿಟ್ಟರು. ಬಯೂಮಿ ಅಳಿಯನಿಗೂ ಗೋಡೆಗೂ ನಡುವೆ ಸಿಕ್ಕಿಕೊಂಡ. "ಉಳಿಯುವವನು ಅಲ್ಲಾಹ್ ಒಬ್ಬನೇ" ಎಂದು ಒಬ್ಬೊಬ್ಬರೂ ಕೈ ಚಾಚಿದರು. "ನಿಮ್ಮ ಆಯಸ್ಸು ಉಳೀಲಿ" ಎಂದು ಅವನೂ ಒಬ್ಬೊಬ್ಬರಿಗೂ ಹೇಳಿದ.

ಹತ್ತನೆಯದೋ ಹನ್ನೊಂದನೆಯದೋ ಕೈ ಮೆತ್ತಗಿತ್ತು. ಬಯೂಮಿ ತಲೆ ಎತ್ತಿದ. ಫಿಕ್ರಿ ಬೇ. ಗೇಟಿನಾಚೆ ಅವನ ಕಾರಿನ ಎಂಜಿನ್ ಓಡುತ್ತಲೇ ಇತ್ತು.

"ನೀವು ಅಣ್ಣನಾ?" ಎಂದ ಫಿಕ್ರಿ ಬೇ. ಅವನಿಗೆ ಗುರುತು ಸಿಕ್ಕಿರಲಿಲ್ಲ.

ಬಯೂಮಿಯ ಬೆನ್ನಿಗೆ ಗೋಡೆ ಒತ್ತುತ್ತಿತ್ತು. "ಹೌದು" ಎಂದ.

"ಅಂಥ ಕೆಲಸಗಾರ ಇನ್ನು ಸಿಗಲ್ಲ. ಒಂಬತ್ತು ವರ್ಷ ಅವನ ಕೈಯಲ್ಲಿ ಮೀಟರ್ ಮುಳ್ಳು ಒಂದು ದಿನವೂ ಇಳೀಲಿಲ್ಲ. ನಿಮಗೆ ಹೆಮ್ಮೆ ಇರಬೇಕು."

ಹೇಳಿ, ಎರಡು ಕೈಯಲ್ಲಿ ಬಯೂಮಿಯ ಕೈಯನ್ನು ಅದುಮಿ, ಮುಂದೆ ನಡೆದ.

ಅವನ ಹಿಂದೆಯೇ ಇದ್ದವನು ಜಾಬಿರ್. ಎರಡು ಗಂಟೆ ಮುಗಿಯುತ್ತಾ ಬಂದಿತ್ತು. ಅವನು ಹೇಳಬೇಕಾದ ಮಾತು ಹೇಳಲಿಲ್ಲ, ಮುಖ ಎತ್ತಲೂ ಇಲ್ಲ, ಕೈ ಮಾತ್ರ ಚಾಚಿದ. ಬಯೂಮಿ ಅದನ್ನು ಹಿಡಿದ. ಹಿಂದಿನಿಂದ ಜನ ತಳ್ಳುತ್ತಿದ್ದರು, "ಸಾಗ್ರಪ್ಪಾ, ಸಾಗಿ" ಎಂದು ಮುದುಕ ಊರುಗೋಲು ಕುಟ್ಟುತ್ತಿದ್ದ. ಮಣ್ಣು ಮೆತ್ತಿದ್ದ ಆ ಎರಡು ಕೈಗಳು ಬಿಡಿಸಿಕೊಳ್ಳಲಿಲ್ಲ.