ಸೂಟು ತೆಗೆಯದ ತೂಕ

ನಾನು ಒಂದು ಕಾಟಾ. ಓದಿದವರು ತೂಕದ ಯಂತ್ರ ಎನ್ನುತ್ತಾರೆ. ಹುಬ್ಬಳ್ಳಿಯ ಒಂದು ಎರಕದ ಕಾರ್ಖಾನೆಯಲ್ಲಿ ಹುಟ್ಟಿದೆ. ಕಬ್ಬಿಣದ ಮೈ, ನಿಲ್ಲಲು ಅಗಲವಾದ ಹಲಗೆ, ಹಿತ್ತಾಳೆಯ ದಂಡ, ಅದರ ಮೇಲೆ ಸರಿದಾಡುವ ಒಂದು ಗುಂಡು. ಸರ್ಕಾರದ ಮುದ್ರೆ ಒತ್ತಿ, ಇದು ಸರಿಯಾಗಿ ತೂಗುತ್ತದೆ ಎಂದು ಹೇಳಿ ಕಳಿಸಿದರು. ಆ ಮಾತನ್ನು ನಂಬಿದ್ದು ನಾನು ಮಾತ್ರ. ನನ್ನ ಮೇಲೆ ಹತ್ತಿದವರೆಲ್ಲ ನನ್ನದೇ ತಪ್ಪು ಎಂದರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಆ ನೆಲದ ಸಂಕಟ ಏನೆಂದು ನನ್ನನ್ನು ಕೇಳಬೇಕು.

ನನ್ನನ್ನು ಕೊಂಡವನು ಹಾವೇರಿ ಸೀಮೆಯ ಮೆಣಸಿನಕಾಯಿ ದಲಾಲಿ ಗದಿಗೆಪ್ಪ ಶೀಲವಂತ. ಅವನನ್ನು ನಾನು ಮೊದಲು ಗುರುತಿಸಿದ್ದು ಕಾಲಿನಿಂದ: ಹಿಮ್ಮಡಿ ಸವೆದ ಚಪ್ಪಲಿ, ನಿಂತಲ್ಲಿ ನಿಲ್ಲದ ಹೆಬ್ಬೆರಳು. ಪೇಟೆಯಲ್ಲಿ ಆಗ ಒಂದು ಪದ್ಧತಿ ಇತ್ತು. ಚೀಲ ತೂಗಿದ ಮೇಲೆ, ಗೋಣಿಯ ಭಾರ, ಕಾಯಿಯ ತೇವ, ಅಡಿಯ ಮಣ್ಣು ಎಂದು ಏನಾದರೊಂದು ಹೆಸರು ಹೇಳಿ ಒಂದೆರಡು ಕಿಲೋ ಕಳೆಯುವುದು. ಅದಕ್ಕೆ ಸೂಟು ಎನ್ನುತ್ತಾರೆ. ನಾನು ಒಂದು ತೂಕ ತೋರಿಸುತ್ತಿದ್ದೆ, ಗದಿಗೆಪ್ಪ ಇನ್ನೊಂದನ್ನು ಕೂಗುತ್ತಿದ್ದ. ಹಾಗಾದರೆ ನನ್ನನ್ನು ಕೊಂಡದ್ದಾದರೂ ಏಕೆ? ಕಣ್ಣಂದಾಜಿನಲ್ಲೇ ವ್ಯಾಪಾರ ಮಾಡಬಹುದಿತ್ತಲ್ಲ! ಬೇಸತ್ತು ಬೇಸತ್ತು ನನ್ನ ಗುಂಡಿಗೂ ತುಕ್ಕು ಹಿಡಿಯಿತು.

ಕೊನೆಗೆ ಪೇಟೆಗೆ ಅಂಕಿ ಹೊಳೆಯುವ ಎಲೆಕ್ಟ್ರಾನಿಕ್ ಕಾಟಾಗಳು ಬಂದವು. ನನ್ನನ್ನು ಗೋದಾಮಿನ ಮೂಲೆಗೆ ತಳ್ಳಿದರು. ಇನ್ನಾದರೂ ನೆಮ್ಮದಿ ಎಂದುಕೊಂಡೆ. ನನ್ನ ಹಣೆಯಲ್ಲಿ ಅದನ್ನು ಬರೆದಿರಲಿಲ್ಲ.

ಅದೇ ಪೇಟೆಯಲ್ಲಿ ಚೀಲ ಹೊರುತ್ತಿದ್ದ ಹಮಾಲನ ಮಗಳು ನಸೀಮಾ ಹಂಚಿನಮನಿ. ವಾಯುಪಡೆಗೆ ಸೇರಿ, ವಿಮಾನದಿಂದ ಜಿಗಿಯುವುದನ್ನು ಕಲಿತು, ಕಲಿಸಿ, ನಿವೃತ್ತಳಾಗಿ ಊರಿಗೆ ಬಂದಿದ್ದಳು. ಊರಾಚೆ ಯಾವುದೋ ಕಂಪನಿ ಬಿಟ್ಟುಹೋದ ಹಳೆಯ ರನ್‌ವೇ ಇತ್ತು. ಅಲ್ಲಿ ಸ್ಕೈಡೈವಿಂಗ್ ಶುರುಮಾಡುವುದು ಅವಳ ಆಸೆ. ಹೊಸಬರನ್ನು ತನ್ನ ಎದೆಗೆ ಕಟ್ಟಿಕೊಂಡು ಜಿಗಿಯುವುದು, ಇಬ್ಬರೂ ಒಂದೇ ಪ್ಯಾರಾಚೂಟಿನಲ್ಲಿ ಇಳಿಯುವುದು. ಪಾಲುದಾರ ಬೇಕಾಗಿತ್ತು. ಸಿಕ್ಕವನು ಯಾರು? ನಮ್ಮ ಗದಿಗೆಪ್ಪ!

ಅವನಿಗೆ ಆಕಾಶದ ಹುಚ್ಚೇನೂ ಇರಲಿಲ್ಲ. ಹುಚ್ಚು ಇದ್ದದ್ದು ಅವನ ಹೆಂಡತಿ ನೀಲಮ್ಮನಿಗೆ. ಮೆಣಸಿನಕಾಯಿಯ ಕಾಲದಲ್ಲಿ ಊರಾಚೆಯ ಬಯಲೆಲ್ಲ ಕೆಂಪಗೆ ಹಾಸಿರುತ್ತದೆ. ಮದುವೆಯಾಗಿ ಬಂದಾಗಿನಿಂದ ಅವಳು ಆ ರಾಶಿಗಳ ನಡುವೆ ಬಗ್ಗಿ ಕಾಯಿ ಹರವಿದ್ದಳು, ಕೆಮ್ಮಿದ್ದಳು.

“ಒಮ್ಮೆ ಮ್ಯಾಲಿಂದ ನೋಡಬೇಕ್ರಿ ಅದನ್ನ. ಕೆಳಗಿಂದ ನೋಡಿ ನೋಡಿ ಕಣ್ಣು ಉರದಾವು,” ಎಂದು ಗಂಡನಿಗೆ ಹೇಳುತ್ತಲೇ ಇದ್ದಳು. ಹೂಂ ಅನ್ನದೆ ಅವನಿಗೆ ಬೇರೆ ದಾರಿ ಉಳಿಯಲಿಲ್ಲ.

ಜಿಗಿಯುವವರನ್ನೆಲ್ಲ ತೂಗಬೇಕು, ವಿಮಾನಕ್ಕೆ ಎಷ್ಟು ಭಾರ ಎಂದು ಪೈಲಟ್‌ಗೆ ತಿಳಿಸಬೇಕು ಎಂದಳು ನಸೀಮಾ. “ಅದನ್ನ ನನಗ ಬಿಡವಾ. ಜೀವಮಾನ ಎಲ್ಲಾ ತೂಗೀನಿ,” ಎಂದ ಗದಿಗೆಪ್ಪ. ನನ್ನ ತುಕ್ಕು ಉಜ್ಜಿ, ಎಣ್ಣೆ ಬಿಟ್ಟು, ಟ್ರ್ಯಾಕ್ಟರಿಗೆ ಹೇರಿ ರನ್‌ವೇ ಪಕ್ಕಕ್ಕೆ ತಂದಿಟ್ಟರು.

ಹುಟ್ಟುಗುಣ ಸುಟ್ಟರೂ ಹೋಗದು. ನಸೀಮಾಳ ಹಳೆಯ ಸಹೋದ್ಯೋಗಿಗಳು ಪರೀಕ್ಷೆಗೆಂದು ಜಿಗಿಯಲು ಬಂದರು. ಬೂಟು, ಹೆಲ್ಮೆಟ್ಟು, ಬೆನ್ನಿಗೆ ಪ್ಯಾರಾಚೂಟು ಸಮೇತ ನನ್ನ ಮೇಲೆ ನಿಂತರು. ನಾನು ಸರಿಯಾಗಿ ತೂಗಿದೆ. ಗದಿಗೆಪ್ಪ ದಂಡ ನೋಡಿದ, ಒಳಗೊಳಗೇ ಸೂಟು ತೆಗೆದ, ಉಳಿದದ್ದನ್ನು ಪೈಲಟ್‌ಗೆ ಕೂಗಿದ. ನಸೀಮಾ ಆಗ ಶೆಡ್ಡಿನೊಳಗೆ ಪ್ಯಾರಾಚೂಟ್ ಮಡಿಸುತ್ತಿದ್ದಳು. ಮೋಸ ಮಾಡುವ ಉದ್ದೇಶ ಗದಿಗೆಪ್ಪನಿಗೆ ಖಂಡಿತ ಇರಲಿಲ್ಲ. ಅವನ ಪಾಲಿಗೆ ಅದೇ ತೂಗುವ ರೀತಿ.

ವಿಮಾನ ಏದುಸಿರು ಬಿಡುತ್ತಾ ಓಡಿತು. ರನ್‌ವೇ ಮುಗಿಯುತ್ತಾ ಬಂದರೂ ಏಳಲಿಲ್ಲ. ಕೊನೆಗೆ ಬೇಲಿಯ ಮುಳ್ಳು ಸವರುವಷ್ಟು ಹತ್ತಿರದಲ್ಲಿ ಎದ್ದಿತು. ಪೈಲಟ್ ಬೆವರು ಒರೆಸಿಕೊಂಡು ಎಂಜಿನ್ ಸರಿಯಿಲ್ಲ ಎಂದ. ಮೆಕ್ಯಾನಿಕ್ ಬಂದು ಎಂಜಿನ್ ಬಿಚ್ಚಿದ, ಜೋಡಿಸಿದ, ಏನೂ ಆಗಿಲ್ಲ ಎಂದ. ಗಾಳಿಯ ದೋಷ ಎಂದರು, ಬಿಸಿಲಿನ ದೋಷ ಎಂದರು, ಗದಿಗೆಪ್ಪ ತೆಂಗಿನಕಾಯಿ ಒಡೆಸಿದ. ಅಯ್ಯಾ, ದೋಷ ನಿನ್ನ ನಾಲಿಗೆಯಲ್ಲಿದೆ ಎಂದು ಕಿರುಚಬೇಕೆನಿಸಿತು. ಕಾಟಾಕ್ಕೆ ಬಾಯಿ ಎಲ್ಲಿದೆ?

ಉದ್ಘಾಟನೆಯ ದಿನ ಬಂತು. ಪೆಂಡಾಲಿನ ತುಂಬ ಜನ. ನನಗೂ ಕುಂಕುಮ ಹಚ್ಚಿ ದಂಡಕ್ಕೆ ಚೆಂಡುಹೂವಿನ ಹಾರ ಹಾಕಿದರು. ತೂಗುವ ದಂಡಕ್ಕೆ ಹಾರ ಹಾಕುವ ಬುದ್ಧಿವಂತರಿಗೆ ಏನು ಹೇಳುವುದು! ಪುಣ್ಯಕ್ಕೆ ನಸೀಮಾ ಬಂದು ಅದನ್ನು ತೆಗೆದು, ಅಲ್ಲೇ ನಿಂತಳು. ಮೊದಲು ಜಿಗಿಯುವವಳು ನೀಲಮ್ಮ. ಹೆಲ್ಮೆಟ್ ಹಾಕಿಕೊಂಡು ನನ್ನ ಮೇಲೆ ಅಂಜುತ್ತಾ ನಿಂತಳು, ಕಾಲ್ಬೆರಳು ಬಿಗಿಹಿಡಿದು. ನಸೀಮಾಳ ಎದೆಗೆ ಕಟ್ಟಿಕೊಂಡು ಜಿಗಿಯುವವರಿಗೆ ಮಿತಿ ತೊಂಬತ್ತು ಕಿಲೋ, ಅದಕ್ಕಿಂತ ಹೆಚ್ಚಾದರೆ ಆ ಪ್ಯಾರಾಚೂಟು ತಡೆಯದು. ನನ್ನ ದಂಡ ತೊಂಬತ್ತೈದಕ್ಕೆ ನಿಂತಿತು.

ಗದಿಗೆಪ್ಪ ಹೆಂಡತಿಯ ಮುಖ ನೋಡಿದ. ಪೇಟೆಯ ಧಾಟಿಯಲ್ಲೇ ಕೂಗಿದ: “ಸೀರಿ, ಬಳಿ, ಚಪ್ಪಲಿ, ಸೂಟು ಆರು! ಎಂಬತ್ತೊಂಬತ್ತು!”

ನಸೀಮಾ ತಿರುಗಿದಳು. “ಕಾಕಾ, ಈಗ ಏನಂದ್ರಿ?”

“ಸೂಟವಾ. ಹೊಸಾದೇನೈತಿ ಅದರಾಗ?”

“ಎಲ್ಲಾರಿಗೂ ಹಿಂಗ ತೆಗದೀರೇನು?”

“ಮತ್ತ? ಬೆನ್ನಿನ ಚೀಲಕ್ಕ ಬ್ಯಾರೆ ತೆಗದೀನಿ.”

“ಅದು ಚೀಲ ಅಲ್ಲ ಕಾಕಾ, ಪ್ಯಾರಾಚೂಟ್!” ಅವಳು ಬೇಲಿಯ ಕಡೆ ಕೈ ತೋರಿಸಿದಳು. “ಅವತ್ತು ವಿಮಾನ ಬೇಲಿಗೆ ಬಡೀತಿತ್ತು. ಒಳಗ ಅಷ್ಟೂ ಮಂದಿ ಇದ್ರು.”

ಗದಿಗೆಪ್ಪ ಸೋಲಲಿಲ್ಲ. ತೂಗುವವನ ಮರ್ಯಾದೆ ನೋಡಿ! “ಕಾಯಿ ತೂಗಬೇಕೋ ಗೋಣಿ ತೂಗಬೇಕೋ?” ಎಂದ.

“ನಮ್ಮಪ್ಪ ನಿಮ್ಮ ಅಂಗಡ್ಯಾಗ ಸೂಟು ತೆಗದ ತೂಕ ಹೊತ್ತಿಲ್ಲ ಕಾಕಾ. ಗೋಣಿ ಸಹಿತ ಹೊತ್ತಾನ. ವಿಮಾನಾನೂ ಹಂಗ. ಭೂಮಿನೂ ಹಂಗ, ಸೂಟು ಬಿಡಂಗಿಲ್ಲ.”

ಗದಿಗೆಪ್ಪನ ಹೆಬ್ಬೆರಳು ಮೊದಲ ಸಲ ಅಲುಗಾಡುವುದನ್ನು ನಿಲ್ಲಿಸಿತು. ನೀಲಮ್ಮ ಇನ್ನೂ ನನ್ನ ಮೇಲೇ ಇದ್ದಳು.

“ಏನ್ರೀ,” ಎಂದಳು, “ನನ್ನ ಖರೇ ತೂಕ ಕೂಗ್ರಿ.”

“ಬ್ಯಾಡ ಬಿಡ, ಇಷ್ಟು ಮಂದಿ ಮುಂದ...”

“ಕೂಗ್ರಿ. ಮಂದಿಗೆ ನಾ ಕಾಣಂಗಿಲ್ಲೇನು?”

ಅವನು ಕೂಗಿದ. “ತೊಂಬತ್ತೈದು.” ನೀಲಮ್ಮ ಕೆಳಗಿಳಿದಳು, ಹೆಲ್ಮೆಟ್ ಬಿಚ್ಚಿ ನಸೀಮಾಳ ಕೈಗಿಟ್ಟಳು. ಆಕಾಶ ನೋಡಲಿಲ್ಲ, ನೆಲ ನೋಡಿಕೊಂಡು ಹೋಗಿ ಕುರ್ಚಿಯಲ್ಲಿ ಕುಳಿತಳು. ಅಷ್ಟು ವರ್ಷ ಜನ ನನ್ನನ್ನು ಬೈದದ್ದೆಲ್ಲ ಒಂದು ತೂಕ, ಆ ಹೆಂಗಸು ನನ್ನನ್ನು ಬೈಯದೆ ಇಳಿದದ್ದು ಒಂದು ತೂಕ. ಸರಿಯಾಗಿ ತೂಗಿದ್ದಕ್ಕೆ ನನಗೆ ದುಃಖವಾದದ್ದು ಅದೊಂದೇ ಸಲ.

ಅಂದು ಯಾರೂ ಜಿಗಿಯಲಿಲ್ಲ. ಜನ ನಗುತ್ತಾ ಮನೆಗೆ ಹೋದರು. ಮರುದಿನದಿಂದ ನನ್ನ ಪಕ್ಕದ ಸ್ಟೂಲಿನ ಮೇಲೆ ಕುಳಿತು ತೂಗಿದವಳು ನೀಲಮ್ಮ. ಗಂಡ ಚಹಾದ ಉಸ್ತುವಾರಿಗೆ ಹೋದ. ವಿಮಾನದಲ್ಲಿ ಒಬ್ಬರು ಕಡಿಮೆ ಕುಳಿತರು, ಬೇಲಿ ದೂರವಾಯಿತು. ‘ಮುಂಜಾನೆ ಉಪ್ಪಿಟ್ಟು ಜಾಸ್ತಿ ತಿಂದೀನ್ರಿ, ಅದನ್ನ ಬಿಡ್ರಿ’ ಎಂದವರಿಗೆಲ್ಲ ಅವಳದು ಒಂದೇ ಮಾತು: “ನನಗೂ ಬಿಟ್ಟಿಲ್ಲ ತಮ್ಮಾ.”

ಇನ್ನೊಂದು ಮೆಣಸಿನಕಾಯಿ ಕಾಲ ಬಂದಾಗ ನಸೀಮಾ ಒಂದು ದೊಡ್ಡ ಪೆಟ್ಟಿಗೆ ತರಿಸಿದಳು. ಒಳಗೆ ಹೆಚ್ಚು ಭಾರ ಹೊರುವ ದೊಡ್ಡ ಪ್ಯಾರಾಚೂಟ್. “ಕಾಕೂ, ನಿಮ್ಮ ಖರೇ ತೂಕಕ್ಕ ಆರ್ಡರ್ ಮಾಡಿದ್ದು,” ಎಂದಳು.

ಜಿಗಿಯುವ ಬೆಳಿಗ್ಗೆ ನೀಲಮ್ಮ ಚಪ್ಪಲಿ, ಬಳೆ, ಕನ್ನಡಕದ ಡಬ್ಬಿ ಎಲ್ಲ ಗಂಡನ ಕೈಗೆ ಕೊಟ್ಟು ಹೋದಳು. ವಿಮಾನ ಮೇಲೇರಿತು. ಗದಿಗೆಪ್ಪನಿಗೆ ನೋಡುವ ಧೈರ್ಯವಿಲ್ಲ, ಕೂರುವ ತಾಳ್ಮೆಯಿಲ್ಲ. ಎಲ್ಲೂ ನಿಲ್ಲಲಾರದೆ ನನ್ನ ಮೇಲೆ ಬಂದು, ಕಣ್ಣು ಮುಚ್ಚಿ ನಿಂತ. ಅವನ ಕಾಲಿನ ನಡುಕಕ್ಕೆ ನನ್ನ ದಂಡ ಟಕಟಕ ಬಡಿದುಕೊಂಡಿತು. ಬೇರೆ ದಿನವಾಗಿದ್ದರೆ ನಿಲ್ಲೋ ಮಾರಾಯ ಎಂದು ಮನಸ್ಸಿನಲ್ಲೇ ಬೈಯುತ್ತಿದ್ದೆ, ಅಂದು ಬೈಯಲಿಲ್ಲ.

ಅವಳು ಇಳಿದು, ಬರಿಗಾಲಲ್ಲಿ ನಡೆದು ಬಂದಳು. “ನೋಡಿದೆನ್ರಿ. ನಮ್ಮ ಬಯಲು ಅಂಗೈ ಅಷ್ಟ ಐತಿ. ಅಷ್ಟಕ್ಕ ಅಷ್ಟು ಬಗ್ಗೀನಿ ನಾ,” ಎಂದು ನಕ್ಕಳು, ಆಮೇಲೆ ಅತ್ತಳು.

ಈಗ ಇಲ್ಲೂ ಅಂಕಿ ಹೊಳೆಯುವ ಕಾಟಾ ಬಂದಿದೆ. ನಾನು ಶೆಡ್ಡಿನ ಮೂಲೆಯಲ್ಲಿದ್ದೇನೆ, ನನ್ನ ಮೇಲೆ ಯಾರೋ ಚಹಾದ ಕೆಟಲ್ ಇಡುತ್ತಾರೆ. ಕಿರಿಕಿರಿ ತಪ್ಪಿಲ್ಲ. ಆದರೆ ಆ ಬೆಳಿಗ್ಗೆಯ ತೂಕ ನನಗೆ ನೆನಪಿದೆ. ಹೆಂಡತಿಯ ಚಪ್ಪಲಿ, ಬಳೆ, ಕನ್ನಡಕದ ಡಬ್ಬಿ ಎದೆಗೊತ್ತಿಕೊಂಡಿದ್ದ ಗದಿಗೆಪ್ಪನನ್ನು ನಾನು ತೂಗಿದೆ. ಅವನು ಸೂಟು ತೆಗೆಯಲಿಲ್ಲ.